ಸಾವ್ಕಾರರ ಐತವಾರ

ಕಂಬ ಯಾವುದು ಅಂತ ತೋರಿಸಬೇಕಂತೆ. ಬೆಳಗಿನಿಂದ ಕದರಮಂಡಲಗಿಯ ಮೈಲಪ್ಪನ ತಲೆಯಲ್ಲಿ ಇದೊಂದೇ ಮಾತು ಗಿರಕಿ ಹೊಡೆಯುತ್ತಿತ್ತು. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಇಟ್ಟಿದ್ದ ಶಂಕ್ರಪ್ಪ ಸಾವ್ಕಾರರು ತೀರಿಕೊಂಡು ತಿಂಗಳಾಗಿತ್ತು. ಅವರ ಮಗ ಚೇತನಕುಮಾರ ನಿನ್ನೆ ಫೋನು ಮಾಡಿ, 'ಕಾಕಾ, ನಾಳೆ ಅವ್ವನ್ನ ಕರಕೊಂಡು ಕದರಮಂಡಲಗಿಗೆ ಬರ್ತೇವಿ. ಅಪ್ಪ ಹನುಮಪ್ಪನ ಗುಡ್ಯಾಗ ಯಾವ ಕಂಬದ ಹತ್ರ ಕುಂದರ್ತಿದ್ದ ಅಂತ ನೀವ ತೋರಿಸಬೇಕು. ಅಲ್ಲೇ ಹೊರಗ ಅಪ್ಪನ ಹೆಸರಿಲೆ ಒಂದು ಕಲ್ಲಿನ ಕಟ್ಟಿ ಮಾಡಸಬೇಕಂತ ಮಾಡೇವಿ' ಎಂದಿದ್ದ. ಮೈಲಪ್ಪ 'ಆತು ತಗೋ ತಮ್ಮಾ' ಎಂದುಬಿಟ್ಟಿದ್ದ. ಬೇರೆ ಏನನ್ನಬೇಕಿತ್ತು? ಈಗ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಗುಡಿಯ ಕಮಾನಿನ ಕೆಳಗೆ ನಿಂತು, ಬ್ಯಾಡಗಿ ಕಡೆಯಿಂದ ಬರುವ ಒಂದೊಂದು ಕಾರನ್ನೂ ಕತ್ತು ಚಾಚಿ ನೋಡುತ್ತಿದ್ದ. ಸಾವ್ಕಾರರು ಆ ಗುಡಿಯ ಯಾವ ಕಂಬದ ಹತ್ತಿರವೂ ಒಂದು ದಿನವೂ ಕುಳಿತವರಲ್ಲ.

ಅವರು ಕುಳಿತದ್ದು ಹೊಳೆಯ ದಂಡೆಯಲ್ಲಿ, ಕೈಯಲ್ಲಿ ಗಾಳದ ಕೋಲು ಹಿಡಿದು. ಇಪ್ಪತ್ತೈದು ವರ್ಷದ ಮೇಲಾಯಿತು, ಪ್ರತಿ ಐತವಾರ ಮುಂಜಾನೆ ಅವರ ಹಸಿರು ಸ್ಕೂಟರು ಇದೇ ಕಮಾನಿನ ಮುಂದೆ ಬಂದು ನಿಲ್ಲುತ್ತಿತ್ತು. ಸಾವ್ಕಾರರು ಗಾಡಿಯಿಂದ ಇಳಿಯದೆ, ಒಂದು ಕಾಲು ನೆಲಕ್ಕೆ ಊರಿ, ಒಳಗಿರುವ ಹನುಮಪ್ಪನಿಗೆ ಅಲ್ಲಿಂದಲೇ ಕೈ ಮುಗಿದು, 'ತಪ್ಪಾತು ನಮ್ಮಪ್ಪಾ' ಎಂದು ಗಲ್ಲ ಬಡಿದುಕೊಳ್ಳುವರು. ಅಷ್ಟರಲ್ಲಿ ಮೈಲಪ್ಪ ತನ್ನ ದನದ ಕೊಟ್ಟಿಗೆಯಿಂದ ಎರಡು ಕೋಲು ತಂದು ಹಿಂದೆ ಹತ್ತಿ ಕೂರುವನು. ರಾಣೇಬೆನ್ನೂರು ದಾಟಿ ತುಂಗಭದ್ರೆಯ ದಂಡೆ ಮುಟ್ಟುವವರೆಗೆ ಇಬ್ಬರೂ ಬಾಯಿ ಬಿಡುತ್ತಿರಲಿಲ್ಲ. ಮನೆಯಲ್ಲಿ ಹೇಳಿದ್ದು ಕದರಮಂಡಲಗಿ ಹನುಮಪ್ಪನ ಸೇವೆ ಎಂದು. ಹನುಮಪ್ಪನ ವಾರ ಶನಿವಾರ ಅಲ್ಲವೇ ಎಂದು ಯಾರಾದರೂ ಕೇಳಿದರೆ, 'ಶನಿವಾರ ಗದ್ದಲ ಇರತೈತ್ರಿ, ದೇವರಿಗೂ ನಮ್ಮ ಕಡೆ ಲಕ್ಷ್ಯ ಕೊಡಾಕ ಪುರಸತ್ತ ಇರೂದಿಲ್ಲ' ಎನ್ನುತ್ತಿದ್ದರಂತೆ. ಎಂಥ ಠಕ್ಕ ಮನುಷ್ಯ! ಮೈಲಪ್ಪನಿಗೆ ನೆನೆದರೆ ನಗು ಬರುತ್ತಿತ್ತು. ಲಿಂಗ ಕಟ್ಟಿಕೊಂಡವರ ಮನೆ, ಮೊಟ್ಟೆಯನ್ನು ಕೂಡ ಹೊಸಿಲು ದಾಟಿಸದ ಮನೆ. ಅದರ ಯಜಮಾನ ಮೀನು ಹಿಡಿಯುತ್ತಾನೆ ಎಂದರೆ ಪೇಟೆಯಲ್ಲಿ ತಲೆ ಎತ್ತಿ ತಿರುಗುವುದು ಹೇಗೆ? 'ಪ್ಯಾಟಿ ಮಂದಿ ಹಾಳಾಗಿ ಹೋಗಲಿ ಮೈಲಪ್ಪ, ನಮ್ಮಾಕಿಗೆ ಗೊತ್ತಾದ್ರ ನನ್ನ ಕೈಲೆ ನೀರ ಸೈತ ಇಸಗೊಳ್ಳಂಗಿಲ್ಲ' ಎಂದು ಒಂದು ದಿನ ಮೈಲಪ್ಪನ ಕೈ ಹಿಡಿದು ಹೊಳೆಯ ನೀರಿನಲ್ಲಿ ಅದ್ದಿಸಿ, ಬಾಯಿ ಬಿಡಬಾರದೆಂದು ಆಣೆ ಮಾಡಿಸಿಕೊಂಡಿದ್ದರು. ಆ ಆಣೆ ಈಗ ಕಾರಿನಲ್ಲಿ ಕುಳಿತು ಮೈಲಪ್ಪನ ಕಡೆಗೇ ಬರುತ್ತಿತ್ತು.

ತಿನ್ನುವುದಕ್ಕೆ ಹಿಡಿಯುತ್ತಿದ್ದರೇ ಎಂದರೆ ಅದೂ ಅಲ್ಲ. ಒಂದು ತುಣುಕು ಬಾಯಿಗಿಟ್ಟವರಲ್ಲ. ಹಿಡಿದದ್ದೆಲ್ಲ ಮೈಲಪ್ಪನ ಮನೆಗೆ. ಗಾಳ ಎಸೆಯುವ ಮೊದಲು ಕೊರಳಿನ ಲಿಂಗವನ್ನು ಬೆನ್ನ ಹಿಂದಕ್ಕೆ ಸರಿಸಿಕೊಳ್ಳುವರು. ಮೀನು ಬಿತ್ತೋ, ಗಾಳ ಬಿಡಿಸುವಾಗ ಮುಖ ಆ ಕಡೆ ತಿರುಗಿಸುವರು. 'ಬಿಡಿಸಿದೇನ? ಆತೇನ?' ಎಂದು ಕೇಳಿ ಕೇಳಿ, ಆಯಿತು ಎಂದ ಮೇಲೇ ಈ ಕಡೆ ನೋಡುವರು. ಹಾಗಾದರೆ ಯಾಕೆ ಬರುತ್ತಿದ್ದರು? ಗಾಳದ ದಾರಕ್ಕೆ ಕಟ್ಟಿದ ಜೋಳದ ದಂಟಿನ ಬೆಂಡು ನೀರಿನ ಮೇಲೆ ಒಮ್ಮೆ ನಡುಗಿ, ತಡೆದು, ಪುಳಕ್ಕನೆ ಒಳಗೆ ಹೋಗುವ ಆ ಒಂದು ಗಳಿಗೆಗೆ. ಆಗ ಅವರ ಮುಖ ನೋಡಬೇಕಿತ್ತು. ವಾರವೆಲ್ಲ ಟೆಂಡರು, ತೂಕ, ಹಮಾಲರ ಕೂಗಾಟ, ಮೂಗು ಸೀದುಹೋಗುವ ಘಾಟಿನಲ್ಲಿ ಕುಳಿತ ಮುಖ ಒಮ್ಮೆಲೇ ಮಗುವಿನದಾಗುತ್ತಿತ್ತು. ಎಷ್ಟೋ ಸಲ ದೊಡ್ಡ ಕಟ್ಲಾ ಮೀನು ಬಿದ್ದಾಗ ಅದನ್ನು ದಡಕ್ಕೆ ತರದೆ ನೀರಿನಲ್ಲೇ ಹಿಡಿದು, ಅದರ ಮೈ ಸವರಿ, 'ಹೋಗಪಾ, ಇನ್ನೊಂದ್ ಸಲ ನನಗ ಸಿಗಬ್ಯಾಡ, ಇಂವ ತಿಂತಾನ' ಎಂದು ಮೈಲಪ್ಪನನ್ನು ತೋರಿಸಿ ಬಿಟ್ಟುಬಿಡುತ್ತಿದ್ದರು. ಮೈಲಪ್ಪನ ಹೆಂಡತಿ ಚೌಡವ್ವ ಸಂಜೆ ಬುಟ್ಟಿ ನೋಡಿ, 'ಏನ ಸಾವ್ಕಾರನೋ ಏನೋ, ಹಿಡದಾನೋ ಮಾತಾಡಿಸಿ ಕಳಿಸ್ಯಾನೋ' ಎಂದು ಗೊಣಗುತ್ತಿದ್ದಳು.

ಅವರು ತೀರಿಕೊಂಡ ಸುದ್ದಿಯನ್ನು ಮೈಲಪ್ಪನಿಗೆ ಯಾರೂ ಮುಟ್ಟಿಸಲಿಲ್ಲ. ಯಾಕೆ ಮುಟ್ಟಿಸುತ್ತಾರೆ? ಸಾವ್ಕಾರರದೊಂದನ್ನು ಬಿಟ್ಟರೆ ಆ ಮನೆಯ ಯಾವ ಫೋನಿನಲ್ಲಿ ಅವನ ನಂಬರು ಇತ್ತು? ಶುಕ್ರವಾರ ಅಂಗಡಿಯಲ್ಲಿ ಗಾದಿಗೆ ಒರಗಿದವರು ಏಳಲಿಲ್ಲವಂತೆ, ಮರುದಿನವೇ ಮಣ್ಣು ಮಾಡಿದರು. ಐತವಾರ ಮುಂಜಾನೆ ಮೈಲಪ್ಪ ಎರಡು ಕೋಲು ಹಿಡಿದು ಇದೇ ಕಮಾನಿನ ಕೆಳಗೆ ಸ್ಕೂಟರಿನ ಸದ್ದಿಗೆ ಕಿವಿಗೊಟ್ಟು ನಿಂತಿದ್ದ. ಬಿಸಿಲೇರಿತು. ಸಿಟ್ಟು ಕೂಡ ಬಂತು, ಬರೂದಿಲ್ಲ ಅಂದ್ರ ಒಂದು ಫೋನ್ ಮಾಡಾಕ ಏನಾಗಿತ್ತು ಎಂದು. ಗುಡಿಯ ಮುಂದೆ ಹೂ ಮಾರುವ ಶೇಖವ್ವ ಮೊಳ ಹಾಕುತ್ತ ಕುಳಿತಲ್ಲಿಂದಲೇ, 'ಏ ಮೈಲಪ್ಪ, ನಿಮ್ಮ ಸಾವ್ಕಾರ ಹೋದನಂತಲ್ಲೋ, ನಿನಗ ಸುದ್ದಿ ಇಲ್ಲೇನು?' ಎಂದಳು. ಎಲ್ಲಿಗೆ ಹೋದ ಎಂದು ಕೇಳಲು ಬಾಯಿ ತೆರೆದವನಿಗೆ ಅವಳ ಮುಖ ನೋಡಿ ತಿಳಿಯಿತು. ಕೋಲುಗಳನ್ನು ಅಲ್ಲೇ ಗೋಡೆಗೆ ಒರಗಿಸಿ, ಗುಡಿಯ ಪಾವಟಿಗೆಯ ಮೇಲೆ ಕುಳಿತುಬಿಟ್ಟ. ಸತ್ತವನ ಮೇಲೆ ಸಿಟ್ಟು ಮಾಡಿಕೊಂಡೆನಲ್ಲ ಎಂಬುದು ಇವತ್ತಿಗೂ ಅವನನ್ನು ಚುಚ್ಚುತ್ತದೆ.

ಆಮೇಲೆ ಬ್ಯಾಡಗಿಯಲ್ಲಿ ನುಡಿನಮನದ ಸಭೆ. ಅಲ್ಲಿಗೆ ಹೋಗಿಯಾದರೂ ಒಂದು ಹೂವು ಹಾಕಿ ಬರಬೇಕೆಂದು ಹೋದ. ಮಂಟಪದ ಬಾಗಿಲಲ್ಲಿ ಬಿಳಿ ಅಂಗಿಯ ಚೇತನಕುಮಾರ ಕೈ ಮುಗಿದು ನಿಂತಿದ್ದವನು ಇವನನ್ನು ನೋಡಿ, 'ಯಾವೂರ್ರಿ ಅಜ್ಜಾ? ಮಾಲ್ ತಂದೀರೇನು? ಅಂಗಡಿ ಸೋಮವಾರ ತಗೀತೇವಿ' ಎಂದ. ಮೈಲಪ್ಪ ಗಡಬಡಿಸಿ, 'ಇಲ್ಲಪಾ, ಊಟಕ್ಕ ಬಂದೇನಿ' ಎಂದುಬಿಟ್ಟ. ಊಟಕ್ಕೆ! ಬಾಯಿಂದ ಜಾರಿದ ಆ ಮಾತಿಗೆ ಅವನ ಕಿವಿ ಕಾದವು. ಇಪ್ಪತ್ತೈದು ವರ್ಷ ಬಾಜೂಕೆ ಕುಳಿತ ಮನುಷ್ಯನ ಸಾವಿಗೆ ಬಂದು, ನಾನು ಊಟಕ್ಕೆ ಬಂದೇನಿ ಅಂದೆನಲ್ಲ. ಹಿಂದಿನ ಸಾಲಿನಲ್ಲಿ ಹಮಾಲರ ನಡುವೆ ಮುದುಡಿ ಕುಳಿತ. ವೇದಿಕೆಯ ಮೇಲೆ ಒಬ್ಬರಾದ ಮೇಲೆ ಒಬ್ಬರು ಶಂಕ್ರಪ್ಪನವರ ಹನುಮಭಕ್ತಿಯನ್ನು ಕೊಂಡಾಡಿದರು. ಮಳೆ ಇರಲಿ, ಬಿಸಿಲಿರಲಿ, ಐತವಾರ ತಪ್ಪಿಸಿದವರಲ್ಲ. ಮುಂಜಾನೆ ಹೋದವರು ಸಂಜೆಯ ತನಕ ಧ್ಯಾನ. ಧ್ಯಾನ ಎಂಬ ಮಾತು ಕೇಳಿದ್ದೇ ಮೈಲಪ್ಪನಿಗೆ ತಡೆಯಲಾರದ ನಗು ಒತ್ತಿ ಬಂತು, ಟವೆಲಿನಿಂದ ಮುಖ ಮುಚ್ಚಿಕೊಂಡ. ಪಕ್ಕದಲ್ಲಿದ್ದ ಹಮಾಲ ಅಳುತ್ತಿದ್ದಾನೆಂದು ತಿಳಿದು ಬೆನ್ನು ಸವರಿದ. ಸವರಿದ್ದಕ್ಕೋ ಏನೋ, ಖರೇನೇ ಅಳು ಬಂತು. ಊಟವಾದ ಮೇಲೆ ಯಾರೋ, 'ಇಂವ ಕದರಮಂಡಲಗಿ ಮೈಲಪ್ಪ, ಸಾವ್ಕಾರ್ರ ಜೋಡಿ ಗುಡ್ಯಾಗ ಇರ್ತಿದ್ದ' ಎಂದು ಮಗನಿಗೆ ಪರಿಚಯ ಮಾಡಿಸಿ, ಫೋನ್ ನಂಬರನ್ನೂ ಕೊಡಿಸಿದರು. ಹೆಂಗಸರ ಸಾಲಿನಿಂದ ಸುಶೀಲವ್ವ, ಸಾವ್ಕಾರರ ಹೆಂಡತಿ, ತಲೆಯ ಮೇಲಿನ ಸೆರಗು ಸರಿಸಿ ಅವನನ್ನೇ ನೋಡಿದಳು. ಬಹಳ ಹೊತ್ತು ನೋಡಿದಳು. ಮೈಲಪ್ಪ ತಲೆ ತಗ್ಗಿಸಿದ.

ರಾತ್ರಿಯೆಲ್ಲ ನಿದ್ದೆ ಇಲ್ಲದೆ ಹೊರಳಾಡಿದ್ದಕ್ಕೆ ಚೌಡವ್ವ ಮುಂಜಾನೆ ಬೈದಿದ್ದಳು. 'ಒಂದ್ ಕಂಬಾ ತೋರಿಸಿ ಬಾ. ಕಂಬೇನ್ ಎದ್ದ ಬಂದು ಸಾಕ್ಷಿ ಹೇಳತೈತೇನು? ಆ ತಾಯಿ ಅಲ್ಲಿ ಕುಂತು ಒಂದೀಟ ಅತ್ತು ಹಗುರಾಗ್ತಾಳ. ನೀ ಖರೇ ಹೇಳಾಕ ಹೋಗಿ ಆಕಿ ಎದಿ ಒಡೀಬ್ಯಾಡ.' ಅದೂ ಸರಿಯೇ. ಸರಿ ಎಂದು ಎಷ್ಟು ಸಲ ಅಂದುಕೊಂಡರೂ ಒಳಗೆ ಏನೋ ಸರಿಯಾಗುತ್ತಿರಲಿಲ್ಲ. ಸುಳ್ಳು ಹೇಳುವುದಕ್ಕೆ ಅವನಿಗೆ ಅಂಜಿಕೆ ಇರಲಿಲ್ಲ. ಸಾವ್ಕಾರರನ್ನು ಆ ಕಂಬಕ್ಕೆ ಕಟ್ಟಿಹಾಕಿದಂತೆ ಆಗುತ್ತದಲ್ಲ, ಇನ್ನು ಮುಂದೆ ಜನ್ಮದಲ್ಲಿ ಅವರು ಹೊಳೆಗೆ ಹೋಗುವಂತಿಲ್ಲ ಎಂದು ಅನ್ನಿಸುತ್ತಿತ್ತು.

ಕಾರು ಬಂತು. ಚೇತನಕುಮಾರ ಇಳಿದು, 'ಕಾಕಾ, ಅವತ್ತ ನಿಮ್ಮನ್ನ ಗುರ್ತ ಹಿಡೀಲಿಲ್ಲ, ತಪ್ಪ ತಿಳ್ಕೋಬ್ಯಾಡ್ರಿ' ಎಂದು ಕಾಲಿಗೆರಗಲು ಬಂದ. ಒಳ್ಳೆಯ ಹುಡುಗ. ಮೂಗು ಥೇಟ್ ಅಪ್ಪನದೇ. ಸುಶೀಲವ್ವ ಮೆಲ್ಲಗೆ ಇಳಿದು, ಶೇಖವ್ವನ ಹತ್ತಿರ ಹೂ ಕೊಂಡು ಒಳಗೆ ನಡೆದಳು. ದರ್ಶನವಾಯಿತು, ಮಂಗಳಾರತಿಯಾಯಿತು. ಚೇತನಕುಮಾರ ಕಟ್ಟೆಯ ಮಾಪು ತೆಗೆದುಕೊಳ್ಳುವ ಟೇಪು ಹಿಡಿದು, ಗುಡಿಯ ಹಿರಿಯರೊಬ್ಬರನ್ನು ಹುಡುಕಿಕೊಂಡು ಹಿಂದಿನ ಅಂಗಳಕ್ಕೆ ಹೋದ. ಐತವಾರವಲ್ಲ, ಶನಿವಾರವೂ ಅಲ್ಲ; ಗುಡಿಯಲ್ಲಿ ಜನ ವಿರಳ.

'ಎಲ್ಲಿ ಕುಂದರ್ತಿದ್ರು ಮೈಲಪ್ಪಣ್ಣ?' ಎಂದಳು ಸುಶೀಲವ್ವ.

ಅವನ ಕೈ ತಾನಾಗಿಯೇ ಎದ್ದಿತು. ಬಲಗಡೆಯ ಸಾಲಿನಲ್ಲಿ ಮೂಲೆಯ ಕಂಬ, ಪಕ್ಕದ ಜಾಲಂಧ್ರದಿಂದ ಬೆಳಕು ಬೀಳುತ್ತಿತ್ತು. 'ಅಲ್ರಿ ಯವ್ವಾ. ಅಲ್ಲೇ.' ದನಿ ತನ್ನದಲ್ಲ ಎನ್ನಿಸಿತು. ಸುಶೀಲವ್ವ ಹೋಗಿ ಕಂಬಕ್ಕೆ ಬೆನ್ನು ಕೊಟ್ಟು ಕುಳಿತಳು. ಅಂಗೈಯಿಂದ ನೆಲ ಸವರಿದಳು. ಇನ್ನು ಅಳುತ್ತಾಳೆ, ಅತ್ತುಬಿಡಲಿ, ಮುಗಿದುಹೋಗಲಿ ಎಂದು ಮೈಲಪ್ಪ ಉಸಿರು ಹಿಡಿದು ನಿಂತ. ಆಕೆ ಅಳಲಿಲ್ಲ.

'ಕುಂದರ್ರಿ' ಎಂದಳು. ಕುಳಿತ. 'ನಮ್ಮ ಮಗಳು ಐಶ್ವರ್ಯ ಇನ್ನೂ ಸಾಲಿಗೆ ಹೋಗ್ತಿದ್ಲು. ಆಗ ಒಂದ್ ಐತವಾರ ಅಣ್ಣನ ಮನಿಗೆ ಹೊಂಟೇನಿ ಅಂತ ಹೇಳಿ, ಬಸ್ ಹತ್ತಿ ನಾನೂ ಇಲ್ಲಿಗೆ ಬಂದೆ. ಅವರ ಹಿಂದ. ಈಗ ಕುಂತೇನಲ್ಲ, ಇದ ಕಂಬ. ಇದಕ್ಕ ಬೆನ್ನ ಹಚ್ಚಿ ಸಂಜಿ ತನಕ ಕುಂತೆ. ಪೂಜಾರ್ರು ಬಂದು, ಏನ್ ಜಡ್ಡಾಗೇತೇನ್ ತಂಗಿ ಅಂತ ಕೇಳಿದ್ರು. ನಿಮ್ಮ ಸಾವ್ಕಾರ್ರು ಬರಲಿಲ್ಲ. ಮನಿಗೆ ಹೋದ್ರ ನನಗಿಂತ ಮೊದಲ ಬಂದು ಕುಂತಿದ್ರು. ತೆಲಿ ಒದ್ದಿ, ಅಂಗಿ ಬ್ಯಾರೆ. ದರ್ಶನ ಛಲೋ ಆತು ಅಂದ್ರು. ನಾ ಬುತ್ತಿ ಡಬ್ಬಿ ತೊಳದ ಇಟ್ಟೆ.'

ಆಕೆ ಮೈಲಪ್ಪನ ಕಡೆ ನೋಡದೆ, ದೇವರ ಕಡೆಗೂ ನೋಡದೆ, ಎದುರಿನ ಕಲ್ಲುಹಾಸನ್ನು ನೋಡುತ್ತ ಮಾತಾಡುತ್ತಿದ್ದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಬಹಳ ದಿನ ಒಲೆಯ ಮೇಲಿದ್ದು ಆರಿದ ನೀರಿನ ಹಾಗೆ ಇತ್ತು.

'ಯಾರಕಿ, ಮೈಲಪ್ಪಣ್ಣ? ರಾಣೇಬೆನ್ನೂರಾಕಿನ?'

'ಯವ್ವಾ...'

'ಜಗಳಾ ತಗಿಯಾಕ ಕೇಳಾಕತ್ತಿಲ್ಲ. ಇನ್ನೇನ್ ಜಗಳ ಐತಿ? ಅವರ ಹೋದ್ರು. ಆಕಿಗೂ ಸುದ್ದಿ ಮುಟ್ಟೈತೋ ಇಲ್ಲೋ ಅಂತ. ಒಂದ್ ತಿಂಗಳಿಂದ ಅದ ಹತ್ತೇತಿ ನನಗ. ಐತವಾರ ಬಂತಂದ್ರ ಬಾಗಲದಾಗ ನಿಂತ ದಾರಿ ನೋಡತಾಳೋ ಏನೋ. ಆಕಿನೂ ಅಳಬೇಕಲ್ರಿ. ಆಕಿಗೆ ಹೇಳೋರ ಯಾರು?'

ಬಾಗಿಲಲ್ಲಿ ಅಲ್ಲ, ಕಮಾನಿನ ಕೆಳಗೆ, ಎರಡು ಕೋಲು ಹಿಡಿದು. ಹಾಗೆ ದಾರಿ ನೋಡಿದವನು ಮೈಲಪ್ಪನೇ. ಈ ತಾಯಿ ತಿಂಗಳಿಂದ ಮರುಗುತ್ತಿದ್ದದ್ದು ನನಗಾಗಿಯೇ, ನನಗೇ ಗೊತ್ತಿಲ್ಲದೆ. ಜೊತೆಗೇ ಇನ್ನೊಂದು ಹೊಳೆಯಿತು: ನಾನು ಈಗ ಈ ಕಂಬ ತೋರಿಸಿ ಸಾವ್ಕಾರರನ್ನು ಉಳಿಸಲಿಲ್ಲ, ಹೆಂಡತಿಯ ಮುಂದೆ ಹಾದರದವನನ್ನಾಗಿ ಮಾಡಿ ನಿಲ್ಲಿಸಿದೆ. ಈಗ ಎದ್ದು ಹೋದರೆ ಆಕೆ ಸಾಯುವ ತನಕ ಆ ಮನುಷ್ಯ ಆಕೆಯ ಕಣ್ಣಲ್ಲಿ ಹಾದರದವನೇ. ಹೊಳೆಯಲ್ಲಿ ಅದ್ದಿದ ಕೈ ನೆನಪಾಯಿತು. ಹೇಳಬೇಡ ಅಂದಿದ್ದರು, ಖರೆ. ಆದರೆ ಹೀಗಾಗುತ್ತದೆ ಅಂತ ಅವರಿಗೇನು ಗೊತ್ತಿತ್ತು? ಗೊತ್ತಿದ್ದರೆ ಅವರೇ ಕಿರುಚಿ ಹೇಳುತ್ತಿದ್ದರು. ಹನುಮಪ್ಪನ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, ಅಂದ:

'ಮೀನ್ರಿ.'

'ಏನು?'

'ಮೀನ್ರಿ ಯವ್ವಾ. ಮೀನ ಹಿಡಿಯಾಕ ಹೋಗ್ತಿದ್ವಿ. ಹೊಳಿಗೆ.' ಗುಡಿಯೊಳಗೆ ಆ ಶಬ್ದ ಆಡಿದ್ದಕ್ಕೆ ತಾನೇ ಗಲ್ಲ ಬಡಿದುಕೊಂಡ. ಸುಶೀಲವ್ವ ಅವನನ್ನು ಮೊದಲ ಸಲ ನೇರ ನೋಡಿದಳು.

'ಮುಚ್ಚಾಕ ಹೋಗಬ್ಯಾಡ್ರಿ ಮೈಲಪ್ಪಣ್ಣ. ನಾ ಸಣ್ಣ ಕೂಸಲ್ಲ. ಮುಂಜಾನೆದ್ದು ಒಂದ್ ತಾಸ ಜಳಕ ಮಾಡ್ತಿದ್ರು, ವಾರದಾಗ ಎಂದೂ ಇಲ್ಲದ್ದು. ಬೆರಳಿಗೆ ಕೊಬ್ರಿ ಎಣ್ಣಿ, ಕಡ್ಲಿಹಿಟ್ಟ ಹಚ್ಚಿ ತಿಕ್ಕೂದ ತಿಕ್ಕೂದು, ಹೆಣ್ಣ ನೋಡಾಕ ಹೊಂಟಾವರಂಗ. ಮೂಗಿಗೆ ಹಿಡದು ವಾಸನಿ ನೋಡ್ಕೋತಿದ್ರು. ಮೀನಿಗೇನ್ರಿ ಇಷ್ಟ ಸಿಂಗಾರ?'

'ಘಾಟ್ರಿ ಯವ್ವಾ' ಎಂದ ಮೈಲಪ್ಪ. 'ಮೆಣಸಿನಕಾಯಿ ಘಾಟು. ವಾರೆಲ್ಲ ಮಾಲ್ ಮುಟ್ಟಿ ಮುಟ್ಟಿ ಬೆರಳಾಗ ಇಳದಿರತೈತಲ್ಲ. ಆ ಕೈಲೆ ಹಿಟ್ಟ ನಾದಿ ಗಾಳಕ್ಕ ಚುಚ್ಚಿದ್ರ ಮೀನ ಹತ್ರ ಬಂದು ಮೂಸಿ ಹೊಳ್ಳಿ ಹೋಗ್ತಾವ್ರಿ. ಮೊದಮೊದಲ ಒಂದ್ ವರ್ಷ ಅವರಿಗೆ ಒಂದ ಮೀನ ಬೀಳಲಿಲ್ಲ, ನನಗ ಬೀಳ್ತಿದ್ವು. ಯಾಕಂತ ತಿಳೀದ ಹುಚ್ಚ ಹಿಡದಂಗಾಗಿತ್ತು ಅವರಿಗೆ. ಆಮ್ಯಾಲ ಗೊತ್ತಾತು. ಅಲ್ಲಿ ಬಂದ ಮ್ಯಾಲೂ ಹೊಳಿ ಮಣ್ಣಿಲೆ ಮತ್ತ ತಿಕ್ಕೋತಿದ್ರು.'

ಸುಶೀಲವ್ವ ತನ್ನ ಬೆರಳುಗಳನ್ನು ನೋಡಿಕೊಂಡಳು. ಬ್ಯಾಡಗಿಯ ಹೆಣ್ಣುಮಗಳು, ಘಾಟು ಎಂದರೆ ಏನು, ಅದು ಬೆರಳಿನಲ್ಲಿ ಹೇಗೆ ಕೂತಿರುತ್ತದೆ, ಕೂಸಿನ ಕಣ್ಣೊರೆಸಲು ಹೋಗಿ ಎಷ್ಟು ಸಲ ಕೂಸನ್ನು ಅಳಿಸಿದ್ದುಂಟು ಎಂಬುದನ್ನು ಆಕೆಗೆ ಯಾರೂ ಹೇಳಬೇಕಾಗಿರಲಿಲ್ಲ. ಇದನ್ನು ಮೈಲಪ್ಪ ಕಟ್ಟಿ ಹೇಳಲಾರ ಎಂದು ಆಕೆಗೆ ಗೊತ್ತಾಯಿತು. ಅದು ಆಕೆಯ ಮುಖದಲ್ಲೇ ಕಾಣಿಸಿತು.

'ಮತ್ತ ಸಂಜಿಕೆ ಜಳಕ?'

'ಮೀನಿನ ವಾಸನಿ ಹೋಗಲಂತ್ರಿ. ಅಂಗಿನೂ ಅದಕ್ಕ. ನಮ್ಮ ಕೊಟಗ್ಯಾಗ ಇರತಿತ್ತು ಒಂದ್ ಜೋಡಿ.'

ಹಿಂದಿನ ಅಂಗಳದಲ್ಲಿ ಚೇತನಕುಮಾರ ಯಾರೊಂದಿಗೋ ಅಡಿ, ಇಂಚು ಎಂದು ಲೆಕ್ಕ ಹೇಳುತ್ತಿದ್ದ. ಸುಶೀಲವ್ವ ಏನೋ ನೆನಪಾದಂತೆ ತಟ್ಟನೆ ತಲೆ ಎತ್ತಿ, 'ನನ್ನ ಚಪಾತಿ?' ಎಂದಳು.

'ರೀ?'

'ಅವರ ಉಣ್ಣೋದು ಎರಡ ಚಪಾತಿ. ನಾ ಡಬ್ಬಿ ತುಂಬ ಕಟ್ಟತಿದ್ದೆ, ಒಂದೂ ಉಳೀತಿರಲಿಲ್ಲ. ಉಳದದ್ದು ಯಾರು ತಿಂತಿದ್ರು? ನೀವ?'

ಇಲ್ಲಿ ಮೈಲಪ್ಪ ತಡವರಿಸಿದ. ಮಡಿ ಹೆಂಗಸು, ಪೂಜೆ ಮುಗಿಯದೆ ನೀರು ಮುಟ್ಟದವಳು. ಆದರೂ ಅರ್ಧ ಹೇಳಿ ನಿಲ್ಲಿಸುವ ಹಾಗಿರಲಿಲ್ಲ. 'ನಾ ಒಂದ್ ತಿಂತಿದ್ದೆ ಖರೇರಿ. ಉಳದದ್ದು... ಅದನ್ನ ನೀರ ಹಾಕಿ ನಾದಿ, ಗುಂಡ ಮಾಡಿ... ಗಾಳಕ್ಕ ಅದ್ನ ಚುಚ್ಚತಿದ್ವಿ ಯವ್ವಾ. ತಪ್ಪಾತು.'

'ಮೀನ ತಿಂದ್ವು?'

'ತಿಂದ್ವು.'

'ನನ್ನ ಚಪಾತಿ?' ಆಕೆಯ ದನಿ ಏರಿತು. 'ಅಯ್ಯ ಶಿವನ, ತುಪ್ಪಾ ಹಾಕತಿದ್ದೆನಲ್ರೀ! ಮನ್ಯಾಗ ಮಕ್ಕಳಿಗಿ ಎಣ್ಣಿ ಹಚ್ಚಿ ಕೊಟ್ಟು, ಆ ಡಬ್ಬಿಗಿ ಹೊಸಾ ತುಪ್ಪ. ಆಕಿಗೂ ಗೊತ್ತಾಗಲಿ, ಮನ್ಯಾಗ ಎಂಥಾ ಅಡಗಿ ಮಾಡಾಕಿ ಅದಾಳ ಅಂತ! ಪದರ ಪದರ ಬಿಡಿಸಿ, ಮೆತ್ತಗ... ಇಷ್ಟ ವರ್ಷ...'

'ಅದಕ್ಕ ಮತ್ರಿ' ಎಂದ ಮೈಲಪ್ಪ, ಗಾಬರಿಯಲ್ಲಿ ಬಾಯಿಗೆ ಬಂದದ್ದನ್ನು. 'ಹೊಳಿ ದಂಡಿ ಮ್ಯಾಲ ಯಾರಿಗೂ ಬೀಳದ ಕಟ್ಲಾ ನಮಗ ಬೀಳ್ತಿದ್ವು.'

ಸುಶೀಲವ್ವ ನಕ್ಕಳು. ಮೊದಲು ಮೂಗಿನಲ್ಲಿ, ಆಮೇಲೆ ಸೆರಗು ಬಾಯಿಗೆ ತುರುಕಿಕೊಂಡು, ಹೆಗಲು ಕುಣಿಯುವಂತೆ. ನಗುತ್ತ ನಗುತ್ತ ಕಂಬಕ್ಕೆ ತಲೆ ಆನಿಸಿದಳು. ಪೂಜಾರಿ ಗರ್ಭಗುಡಿಯಿಂದ ಇಣುಕಿ ನೋಡಿದರು. ಮೈಲಪ್ಪನಿಗೂ ನಗು ತಡೆಯಲಾಗಲಿಲ್ಲ. ತಿಂಗಳ ಮೇಲೆ ಮೊದಲ ಸಲ ಇನ್ನೊಬ್ಬರ ಜೊತೆ ಕುಳಿತು ಆ ಮನುಷ್ಯನನ್ನು ಇದ್ದ ಹಾಗೆ ನೆನೆದಂತಾಗಿತ್ತು. ಚೇತನಕುಮಾರ ಟೇಪು ಹಿಡಿದು ಬಂದು, ಕಂಬದ ಬುಡದಲ್ಲಿ ಕಣ್ಣಲ್ಲಿ ನೀರು ತುಂಬಿ ಕುಳಿತಿದ್ದ ಇಬ್ಬರನ್ನೂ ನೋಡಿ ಗೌರವದಿಂದ ದೂರವೇ ನಿಂತ. 'ಇದ ಕಂಬ ಏನ್ ಅವ್ವಾ?' ಎಂದು ಮೆಲ್ಲಗೆ ಕೇಳಿದ.

'ಗಾಡಿ ತಗಿ' ಎಂದಳು ಸುಶೀಲವ್ವ ಕಣ್ಣೊರೆಸಿಕೊಂಡು. 'ಬ್ಯಾಡಗಿಗಲ್ಲ, ಮುಂದ ರಾಣೇಬೆನ್ನೂರ ಕಡೆ.'

ಕಾರು ಹೊರಟಿತು. ಮಗ ಎರಡು ಸಲ ಕನ್ನಡಿಯಲ್ಲಿ ತಾಯಿಯ ಮುಖ ನೋಡಿದ, ಏನೂ ಕೇಳಲಿಲ್ಲ. ಆ ಮನೆಯವರಿಗೆಲ್ಲ ಕೇಳದಿರುವುದು ಒಂದು ರೂಢಿಯೇ ಇರಬೇಕು ಎಂದು ಮುಂದಿನ ಸೀಟಿನಲ್ಲಿದ್ದ ಮೈಲಪ್ಪನಿಗೆ ಅನ್ನಿಸಿತು. ಸಾವ್ಕಾರರೂ ಹಾಗೆಯೇ. ಮೈಲಪ್ಪನ ಮಗ ಕನಕರಾಜ ತೀರಿಕೊಂಡ ವರ್ಷ, ಹೊಳೆಯ ದಂಡೆಯಲ್ಲಿ ಇವನು ಕೋಲು ಕೂಡ ಬಿಚ್ಚದೆ ಮೊಳಕಾಲ ನಡುವೆ ತಲೆ ಇಟ್ಟು ಕುಳಿತಾಗ, ಹೆಂಗಾತು, ಯಾಕಾತು ಎಂದು ಒಂದು ಮಾತು ಕೇಳಿರಲಿಲ್ಲ. ತಮ್ಮ ಗಾಳಕ್ಕೆ ಬಿದ್ದ ಮೀನನ್ನು ಅವತ್ತು ತಾವೇ ಬಿಡಿಸಿದರು. ಮುಖ ತಿರುಗಿಸದೆ, ಬೆರಳಿಗೆ ಗಾಳ ಚುಚ್ಚಿಸಿಕೊಂಡು. ಅದಕ್ಕಿಂತ ಹೆಚ್ಚಿನದನ್ನು ಆ ವರ್ಷ ಅವನಿಗಾಗಿ ಯಾರೂ ಮಾಡಲಿಲ್ಲ. ಇದನ್ನು ಯಾರಿಗೆ ಹೇಳಿದರೆ ತಿಳಿದೀತು? ಈ ತಾಯಿಗೆ ತಿಳಿಯಬಹುದು, ಯಾವಾಗಲಾದರೂ ಹೇಳಬೇಕು ಎಂದುಕೊಂಡ.

ಹೊಳೆ ಬಿಸಿಲಿಗೆ ಬೆಳ್ಳಗೆ ಹರಿಯುತ್ತಿತ್ತು. ನೀರು ಇಳಿದು ದಂಡೆಯ ಬಂಡೆಗಳು ಎದ್ದು ಕಂಡಿದ್ದವು. ಚೇತನಕುಮಾರ ಮೇಲೆಯೇ ಕಾರಿನ ಹತ್ತಿರ ನಿಂತ. ಸುಶೀಲವ್ವ ಸೀರೆಯ ನಿರಿಗೆ ಎತ್ತಿ ಹಿಡಿದು, ಮೈಲಪ್ಪನ ಹಿಂದೆ ಒಂದೊಂದೇ ಹೆಜ್ಜೆ ಇಳಿದು ಬಂದಳು. ಜಾಲಿಯ ನೆರಳಿನಲ್ಲಿ, ಒಂದಕ್ಕೊಂದು ಹತ್ತಿ, ಎರಡು ಕಲ್ಲು.

'ಇದು ಅವರದ್ರಿ' ಎಂದ ಮೈಲಪ್ಪ, ಚಪ್ಪಟೆಯಾದುದನ್ನು ತೋರಿಸಿ. ಇನ್ನೊಂದರ ಮೇಲೆ ರೂಢಿಯಂತೆ ತಾನು ಕುಳಿತ. ತಿಂಗಳಿಂದ ಬಂದಿರಲಿಲ್ಲ, ಕುಳಿತ ಕೂಡಲೇ ಬಲಗಡೆ ಖಾಲಿ ಎನ್ನಿಸಿತು.

ಆಕೆ ಆ ಕಲ್ಲನ್ನು ನೋಡುತ್ತ ನಿಂತಳು. ನೋಡುತ್ತ ನೋಡುತ್ತ ಆಕೆಯ ಗಲ್ಲ ಬಿಗಿಯಿತು, ಮೂಗಿನ ಹೊಳ್ಳೆ ಅರಳಿತು. 'ಬಾಯಿ ಇರಲಿಲ್ಲೇನ್ರಿ ನಿಮಗ?' ಎಂದಳು. ಮೈಲಪ್ಪ ತನಗೇ ಎಂದು ತಿಳಿದು ತಲೆ ಎತ್ತಿದ. ಆಕೆ ಕಲ್ಲಿಗೆ ಮಾತಾಡುತ್ತಿದ್ದಳು.

'ಬ್ಯಾಡಗಿ ಪ್ಯಾಟಿ ಎಲ್ಲಾ ಕೇಳೂವಂಗ ಒದರತಿದ್ರಿ, ಮನ್ಯಾಗ ಒಂದ್ ಮಾತ ಹೇಳಾಕ ಬಾಯಿ ಸತ್ತಿತ್ತ? ಐತವಾರ ಐತವಾರ ನಾ ಒಳಗ ಸುಟಗೊಂಡ ಸತ್ತೇನಿ. ಕನ್ನಡಿ ಮುಂದ ನಿಂತು ನನ್ನಾಗ ಏನ್ ಕಡಿಮ್ಯಾತು ಅಂತ ಹುಡುಕೇನಿ. ಜಾತ್ರಿಗಿ ಹೋದ್ರ ಚಂದ ಇರೋ ಹೆಂಗಸರ ಮಾರಿ ಒಂದೊಂದ ನೋಡೇನಿ, ಇಕಿ ಇರಬಹುದು, ಇಕಿ ಇರಬಹುದು ಅಂತ. ಮಗಳ ಮದವ್ಯಾಗ ಸೈತ ನೋಡೇನಿ! ಮೀನಿನ ಸಲುವಾಗಿ! ಥೂ ನಿಮ್ಮ, ಸುಳ್ಳಬುರಕಾ! ದೇವರ ಹೆಸರ ಹೇಳಿ ಹೋಗಾಕ ನಾಚಿಕಿ ಬರಲಿಲ್ಲ?' ದನಿ ಹೊಳೆಯ ಆಚೆ ದಂಡೆಯವರೆಗೂ ಹೋಯಿತು. ನೀರಿನಲ್ಲಿ ನಿಂತಿದ್ದ ಬೆಳ್ಳಕ್ಕಿ ಹಾರಿತು. ಮೇಲಿನಿಂದ ಚೇತನಕುಮಾರ ಗಾಬರಿಯಾಗಿ, 'ಅವ್ವಾ! ಯಾರಿಗೆ ಬೈಯಾಕತ್ತಿ?' ಎಂದು ಓಡಿ ಬರತೊಡಗಿದ. ಮೈಲಪ್ಪ ಕುಳಿತಲ್ಲಿಂದಲೇ ಕೈ ಎತ್ತಿ, ಅಲ್ಲೇ ನಿಲ್ಲು ಎಂದು ಸನ್ನೆ ಮಾಡಿದ.

'ಹೇಳಿದ್ರ ನಾ ಏನ್ ಬ್ಯಾಡ ಅಂತಿದ್ನೇನು?' ಎಂದಳು ಸುಶೀಲವ್ವ. ಅಂದವಳು ತಡೆದಳು. ಉಸಿರು ಎಳೆದುಕೊಂಡಳು. 'ಅಂತಿದ್ದೆ. ಖರೇ, ಅಂತಿದ್ದೆ. ಡಬ್ಬಿ ಅಂಗಳಕ್ಕ ಒಗದು, ಒಂದ್ ತಿಂಗಳ ಮಾತ ಬಿಡತಿದ್ದೆ. ನಿಮ್ಮ ತಾಟ ಬ್ಯಾರೆ ಇಡತಿದ್ದೆ.' ತುಟಿ ಅದುರಿತು. 'ಆಮ್ಯಾಲ? ಆಮ್ಯಾಲ ಏನ್ ಮಾಡತಿದ್ದೆ? ಎಷ್ಟ ದಿನ ಇರತಿದ್ದೆ ಹಂಗ? ಆಮ್ಯಾಲ ನಾನೂ ಬಂದು ಬಾಜೂಕ ಕುಂದರ್ತಿದ್ದೆನಲ್ರೀ!'

ಮೈಲಪ್ಪ ಎದ್ದ. ಬಾಜೂಕಿನ ಕಲ್ಲಿನ ಮೇಲೆ ಇಷ್ಟು ವರ್ಷ ಕುಳಿತದ್ದು ತಾನು. ಹೆಗಲ ಮೇಲಿನ ಟವೆಲಿನಿಂದ ಅದನ್ನು ಜಾಡಿಸಿ, ದೂರ ಸರಿದು ನಿಂತ. ಸುಶೀಲವ್ವ ಅವನ ಮುಖ ನೋಡಿದಳು. ಬಂದು ಕುಳಿತಳು. ಮೈಲಪ್ಪ ದಂಡೆ ಹತ್ತಿ ಹುಡುಗನ ಕಡೆ ನಡೆದ. ಹಿಂದೆ ಆಕೆಯ ಬೈಗುಳ ನಿಂತಿರಲಿಲ್ಲ. ದನಿಯಷ್ಟೇ ಇಳಿದಿತ್ತು, ಬಾಜೂಕೆ ಕುಳಿತವರಿಗೆ ಮಾತ್ರ ಕೇಳುವಷ್ಟು.